ಬಿಟ್ಟದ್ದು, ಕಟ್ಟಿಟ್ಟದ್ದು: ಸೂಡಿಯ ಕಲ್ಲುಗಳೂ ‘ಡೆಡಿಕೇಶನ್’ ಎಂಬ ಮಾತೂ

ಸೂಡಿ ಎಂಬ ಊರಿನ ಜೋಡುಕಳಸದ ಗುಡಿಯಲ್ಲಿ ಎರಡು ಗರ್ಭಗುಡಿಗಳು ಎದುರುಬದುರು ನಿಂತಿವೆ. ಶಿಖರ ಎರಡು, ನಡುವಿನ ಮಂಟಪ ಒಂದೇ. ಕಲ್ಯಾಣ ಚಾಲುಕ್ಯ ದೊರೆ ಒಂದನೆಯ ಸೋಮೇಶ್ವರನ ದಂಡನಾಯಕ ನಾಗದೇವ 1060ರ ಸುಮಾರಿಗೆ ಇದನ್ನು ಕಟ್ಟಿಸಿದ. ಇಂಗ್ಲಿಷಿನಲ್ಲಿ ಬರೆಯುವವರು ಇಂಥ ಗುಡಿಯನ್ನು ದೇವರಿಗೆ ‘ಡೆಡಿಕೇಟ್’ ಆದದ್ದು ಎನ್ನುತ್ತಾರೆ. ಶಾಸನ ಬರೆದವರ ಮಾತೇ ಬೇರೆ.

ಡೆಡಿಕೇಶನ್ ಲ್ಯಾಟಿನ್ ಮೂಲದ ಪದ. ಅದರ ಬೇರಿನಲ್ಲಿರುವುದು ‘ಸಾರಿ ಹೇಳು’ ಎಂಬ ಅರ್ಥ: ಇದು ಇನ್ನು ದೇವರದು ಎಂದು ನಾಲ್ವರೆದುರು ಘೋಷಿಸುವುದು. ಇಂಗ್ಲಿಷಿನಲ್ಲಿ ಅದು ಮೊದಲು ಚರ್ಚನ್ನು ದೇವರಿಗೆ ಒಪ್ಪಿಸುವ ವಿಧಿಗೆ ಸಂದಿತು. ಆಮೇಲೆ ಪುಸ್ತಕದ ಅರ್ಪಣೆಯ ಪುಟಕ್ಕೆ ಬಂತು, ಕೊನೆಗೆ ಮನುಷ್ಯನ ದುಡಿಮೆಯ ನಿಷ್ಠೆಗೂ ಹೆಸರಾಯಿತು.

ಕನ್ನಡದ ದತ್ತಿಶಾಸನಗಳ ಜೀವಾಳ ‘ಬಿಡು’ ಎಂಬ ಕ್ರಿಯಾಪದ. ಕೊಡುವವನು ಆಚಾರ್ಯರ ಕಾಲು ತೊಳೆಯುತ್ತಾನೆ. ಅವರ ಅಂಗೈಗೆ ನೀರು ಎರೆಯುತ್ತಾನೆ. ಬೆರಳ ಸಂದಿಯಿಂದ ನೀರು ಇಳಿಯುತ್ತಿದ್ದಂತೆ ಹೊಲದ ಮೇಲಿನ ಹಕ್ಕೂ ಇಳಿದುಹೋಗುತ್ತದೆ. ಇದೇ ‘ಧಾರಾಪೂರ್ವಕ’. ತೆರಿಗೆಯ ಹಂಗೂ ಇಲ್ಲದಂತೆ ಕೊಟ್ಟರೆ ‘ಸರ್ವನಮಸ್ಯ’. ಹೇಳುವುದಕ್ಕಿಂತ ಕೈಬಿಡುವುದೇ ಇಲ್ಲಿ ದೊಡ್ಡದು. ಅದಕ್ಕೇ ಶಾಸನದ ಕೊನೆಗೆ ಶಾಪ: ದತ್ತಿಯನ್ನು ಅಳಿದವನಿಗೆ ವಾರಣಾಸಿಯಲ್ಲಿ ಕವಿಲೆಗಳನ್ನು ಕೊಂದ ಪಾಪ ಸುತ್ತಿಕೊಳ್ಳುತ್ತದೆ. ಬಿಟ್ಟದ್ದರ ಮೇಲೆ ಮತ್ತೆ ಕಣ್ಣು ಬೀಳುತ್ತದೆಂಬ ಭಯ ಆ ಕಾಲದವರಿಗೆ ಚೆನ್ನಾಗಿ ಗೊತ್ತಿತ್ತು.

ಸೂಡಿಯದೇ ಒಂದು ತಾಮ್ರಪಟ ಇದಕ್ಕೆ ಸಾಕ್ಷಿ. ಗಂಗರ ದೊರೆ ಬೂತುಗ, ತನ್ನ ರಾಣಿ ದೀವಳಾಂಬೆ ಇಲ್ಲಿ ಕಟ್ಟಿಸಿದ ಬಸದಿಗೆ ಭೂಮಿ ಕೊಟ್ಟನೆಂದು ಅದು ಹೇಳುತ್ತದೆ. ಕಾಲ ಶಕ 860, ಅಂದರೆ ಕ್ರಿ.ಶ. 938. ‘ಎಪಿಗ್ರಾಫಿಯಾ ಇಂಡಿಕಾ’ದ 3ನೆಯ ಸಂಪುಟದಲ್ಲಿ ಇದನ್ನು ಪ್ರಕಟಿಸಿದ ಜೆ.ಎಫ್. ಫ್ಲೀಟ್ ಇದು ಕೂಟಶಾಸನವೆಂದೇ ತೀರ್ಮಾನಿಸಿದ. ಫ್ಲೀಟನ ಮಾತು ನಿಜವಾದರೆ, ಖೋಟಾ ಪಟವನ್ನಾದರೂ ಮಾಡಿಸಬೇಕೆನ್ನುವಷ್ಟು ತೂಕ ದತ್ತಿಯ ಮಾತಿಗಿತ್ತು ಎಂದಾಯಿತು.

ಬಿಡುವುದರ ಪಕ್ಕದಲ್ಲೇ ಕಟ್ಟಿಡುವುದೂ ಇದೆ. ಹರಕೆಯ ನಾಣ್ಯವನ್ನು ಅರಿಶಿನದ ಬಟ್ಟೆಯಲ್ಲಿ ಗಂಟು ಹಾಕಿ, ಎಷ್ಟೇ ಅಡಚಣೆ ಬಂದರೂ ಮುಟ್ಟದೆ ದೇವರ ಮುಂದೆ ಇಡುವುದು ಮುಡಿಪು. ‘ಬದುಕನ್ನೇ ಮುಡಿಪಾಗಿಟ್ಟರು’ ಎಂದಾಗ ಕಣ್ಣಿಗೆ ಕಟ್ಟುವುದು ಆ ಗಂಟು. ನಿಷ್ಠೆ, ಬದ್ಧತೆ, ಸಮರ್ಪಣೆ ಎಂಬ ಸಂಸ್ಕೃತ ಪದಗಳಿಗೆ ಗಾಂಭೀರ್ಯವಿದೆ. ಆದರೆ ಡೆಡಿಕೇಶನ್ನಿಗೆ ಕನ್ನಡದ್ದೇ ಮಾತು ಬೇಕೆನ್ನುವವರು ಮೊದಲು ಈ ಗಂಟನ್ನು ಬಿಚ್ಚಿ ನೋಡಬೇಕು.

ಇಂದು ಸೂಡಿಯ ಸುತ್ತಿನ ರೋಣ, ಗಜೇಂದ್ರಗಡದ ಕಡೆ ‘ಹುಡುಗಗ ಭಾಳ ಡೆಡಿಕೇಶನ್ ಐತಿ’ ಎಂಬ ಮಾತೂ ಸಲೀಸು. ಅದೇ ಹುಡುಗನನ್ನು ಹಿರಿಯರು ಹೊಗಳುವುದು ‘ಜೀವಾ ಹಾಕಿ ದುಡಿತಾನ’ ಎಂದು.