ಬೀರ್ ಗ್ಲಾಸು ಬೋರಲು ಹಾಕಿ ನೋಡ್ರಿ

ಗಾಜಿನ ಲೋಟ ಕೈಲೆ ಮಾಡಿದ್ದೋ ಮಷೀನಿಂದೋ ತಿಳೀಬೇಕಂದ್ರ ಬೋರಲು ಹಾಕಿ ನೋಡ್ರಿ. ಊದಿ ಮಾಡಿದ್ದಾದ್ರ ಸಾಮಾನ್ಯವಾಗಿ ತಳದ ನಡುವ ಸಲಾಕಿಯಿಂದ ಬಿಡಿಸಿದ ಗುರುತು ಇರತೈತಿ, ಇಲ್ಲಾ ಆ ಗುರುತನ್ನ ಉಜ್ಜಿ ನುಣುಪು ಮಾಡಿದ ಸಣ್ಣ ತಗ್ಗು ಇರತೈತಿ. ಅಚ್ಚಿನಾಗ ಒತ್ತಿದ್ದಾದ್ರ ಮೈಮ್ಯಾಲೆ ಕೂದಲೆಳಿಯಂಥ ಗೆರಿ ಬೆರಳಿಗೆ ತಾಕತೈತಿ. ನಮ್ಮ ಮನ್ಯಾಗ ಬೀರ್ ಗ್ಲಾಸು ತರೋ ಮಾತು ಬಂದಾಗಿಂದ ನಾನು ಹೋದಲ್ಲೆಲ್ಲ ಲೋಟ ಬೋರಲು ಹಾಕೋದೇ ಆಗೇತಿ. ಮಗಳು ಕೈಲೆ ಮಾಡಿದ್ದೇ ಬೇಕು ಅಂತಾಳ. ಆ ಒಂದರ ರೊಕ್ಕದಾಗ ಅಚ್ಚಿನವು ಅರ್ಧ ಡಜನ್ ಬರತಾವ. (ಬೀರು ಯಾಕ ಬೇಕು ಅಂತ ಕೇಳೋರು ಏಪ್ರಿಲ್ ತಿಂಗಳಾಗ ಹೊಸಪೇಟಿಗೆ ಬಂದು ಕೇಳ್ರಿ.)

ಬೀರು ಗಾಜಿನ ಲೋಟದಾಗ ಬಂದಿದ್ದು ಅಂಥಾ ಹಳೇ ಕಾಲದ್ದೇನಲ್ಲ. ಇಂಗ್ಲೆಂಡಿನಾಗ ಬಹಳ ದಿನ ತವರದ ಮಗ್ಗು, ಮಣ್ಣಿನ ಮಗ್ಗೇ ನಡೀತಿದ್ವು. 1746ರಾಗ ಅಲ್ಲಿ ಸರ್ಕಾರ ಗಾಜಿನ ಮ್ಯಾಲೆ ತೆರಿಗಿ ಹಾಕಿತ್ತು. 1845ರಾಗ ಅದು ಹೋತು. ಅಷ್ಟೊತ್ತಿಗೆ ಗಾಜನ್ನ ಅಚ್ಚಿನಾಗ ಒತ್ತೋ ಯಂತ್ರವೂ ಬಂದಿತ್ತು, ಗಾಜು ಸೋವಿ ಆತು. ಅದಕ್ಕ ಮೂರು ವರ್ಷ ಮುಂಚೆ, 1842ರಾಗ, ಬೊಹೀಮಿಯಾದ ಪಿಲ್ಸೆನ್ ಊರಾಗ ಬಂಗಾರ ಬಣ್ಣದ ತಿಳಿ ಬೀರು ಹುಟ್ಟಿತ್ತು. ಬಣ್ಣ ಕಂಡ್ರ ತಾನೇ ಅದರ ಚೆಂದ. ತವರದ ಮಗ್ಗಿನಾಗ ಏನು ಸುರುವಿದ್ರೂ ಕುಡಿಯೋನಿಗೆ ಕಾಣ್ತಿರಲಿಲ್ಲ. ಗಾಜಿನಾಗ ಕಸ, ಗಸಿ, ಅಳತಿ ಎಲ್ಲಾ ಕಂಡ್ವು.

ನಮ್ಮ ಕಡೆ ಆಗ ಸೇಂದಿ. ಈಚಲು ಮರಕ್ಕ ಕಟ್ಟಿದ ಮಣ್ಣಿನ ಗಡಿಗಿ, ಕುಡಿಯಾಕ ಮೊಗಿ ಇಲ್ಲಾ ಎಲಿ ದೊನ್ನಿ. ಬಳ್ಳಾರಿ ಸೀಮಿ 1800ರಾಗ ನಿಜಾಮನಿಂದ ಕಂಪನಿ ಕೈಗೆ ಹೋತು, ಊರಾಗ ಬಿಳಿ ಸೋಲ್ಜರ್‌ಗಳ ದಂಡು ಬಂತು, ಬೀರೂ ಬಂತು. ಅದಿರಲಿ.

ಕೈಲೆ ಮಾಡಿದ್ದು ಮೇಲು, ರಾಶಿಗಟ್ಟಲೆ ಮಾಡಿದ್ದು ಕೀಳು ಅನ್ನೋ ಮಾತಿಗೆ ಹಂಪಿ ಮಣ್ಣಾಗ ಬ್ಯಾರೇನೇ ಉತ್ತರ ಐತಿ. ಅಲ್ಲಿ ದೊಡ್ಡೋರ ಮನಿಗಳಿದ್ದ ಜಾಗ ಅಗೆದಾಗ ಚೀನಾದ ಪಿಂಗಾಣಿ ಚೂರು ಸಿಕ್ಕಾವ. ನಮ್ಮ ಕುಂಬಾರರ ಮಡಕಿ ಚೂರಂತೂ ರಾಶಿ ರಾಶಿ. ಕಾರ್ಲಾ ಸಿನೋಪೊಲಿ ಅನ್ನೋ ಅಮೆರಿಕಾದ ವಿದ್ವಾಂಸೆ ಬರೇ ಆ ಮಣ್ಣಿನ ಪಾತ್ರಿಗಳ ಮ್ಯಾಲೇ 1993ರಾಗ ಒಂದು ಪುಸ್ತಕ ತಂದರು. ಕಡಲು ದಾಟಿ ಬಂದ ಪಿಂಗಾಣಿ ಅಂದ್ರ ದೊಡ್ಡಸ್ತಿಕಿ. ಆದ್ರ ಅದೇನು ಒಬ್ಬ ಕಲಾವಿದ ಕುಂತು ತಿದ್ದಿದ್ದಲ್ಲ. ಚೀನಾದ ಜಿಂಗ್‌ಡೆಜೆನ್ ಊರಾಗ ಮಣ್ಣು ಕಲಿಸೋನು ಒಬ್ಬ, ತಿರುವೋನು ಒಬ್ಬ, ಗೆರಿ ಎಳಿಯೋನು ಇನ್ನೊಬ್ಬ. ಒಂದು ಪಾತ್ರಿ ಎಪ್ಪತ್ತು ಜನರ ಕೈ ದಾಟತೈತಿ ಅಂತ ದಾಂತ್ರಕೋಲ್ ಅನ್ನೋ ಫ್ರೆಂಚ್ ಪಾದ್ರಿ 1712ರಾಗ ಬರೆದ. ವಿಜಯನಗರದ ಕಾಲಕ್ಕಿಂತ ಅದು ಈಚಿನ ಮಾತು, ಆದ್ರ ಕೆಲಸ ಹಂಚಿಕೊಳ್ಳೋ ಪದ್ಧತಿ ಹಳೇದು. ಕಾರ್ಖಾನಿ ಅನ್ನಾಕ ಇನ್ನೇನು ಬೇಕು? ಅಂದ್ರ ಹಂಪಿಯಾಗ ರಾಶಿಗಟ್ಟಲೆ ಮಾಡಿದ್ದೇ ಸಿರಿವಂತರ ಪಾತ್ರಿ, ನಮ್ಮ ಕುಂಬಾರ ಕೈಲೆ ತಟ್ಟಿದ್ದು ಎಲ್ಲಾರ ಅಡಿಗಿಮನಿದು. ಇವತ್ತು ಉಲ್ಟಾ ಆಗೇತಿ, ಅಷ್ಟೇ.

ಮಣ್ಣಿನ ಪಾತ್ರಿಗೆ ಇನ್ನೊಂದು ಕಷ್ಟ ಇತ್ತು: ಎಂಜಲು. ತಾಮ್ರ, ಕಂಚು ಬೆಳಗಿದ್ರ ಮಡಿ, ಮಣ್ಣು ಒಮ್ಮೆ ಮೈಲಿಗಿ ಆದ್ರ ಒಗೀಬೇಕು ಅಂತಿದ್ರು. ನಮ್ಮೋರು ಎತ್ತಿ ಕುಡಿಯೋದನ್ನ ಕಲಿತಿದ್ದೂ ಈ ಎಂಜಲಿನ ಸಲುವಾಗೇ. ಮುಂದ ಚಾದ ಹೋಟೆಲ್ ಬಂದ್ವು, ಒಂದೇ ಅಚ್ಚಿನ ಗಾಜಿನ ಲೋಟ ಬಂದ್ವು. ಯಾವುದು ಯಾರು ಕುಡಿದಿದ್ದು ಅಂತ ಗುರುತು ಹಿಡಿಯಾಕ ಬರದಂಥ ಲೋಟ. ಅದಕ್ಕೇ ನಮ್ಮೋರಿಗೆ ಸಂಕಟ ಆತು. ದಲಿತರಿಗೆ ಬ್ಯಾರೆ ಲೋಟ ಇಟ್ರು, ಕೆಲವು ಕಡೆ ತೆಂಗಿನ ಪರಟಿ ಕೊಟ್ರು. ಕುಡಿದೋರೇ ತೊಳೆದು ಹೊರಗಿನ ಗೂಡಿನಾಗ ಇಡಬೇಕು. ಪರಟಿನೂ ಕೈಲೆ ಮಾಡಿದ್ದೇ ಅಲ್ಲೇನು? 1955ರ ಅಸ್ಪೃಶ್ಯತಾ ಅಪರಾಧಗಳ ಕಾಯ್ದೆ ಓದಿದ್ರ, ಹೋಟೆಲ್‌ನಾಗ ಎಲ್ಲಾರಿಗೂ ಅಂತ ಇಟ್ಟ ಪಾತ್ರಿಯನ್ನ ಬಳಸಾಕ ಅಡ್ಡಿ ಮಾಡೋದೂ ಅಪರಾಧ ಅಂತ ನಾಲ್ಕನೇ ಕಲಮಿನಾಗ ಬರೆದೈತಿ. ಲೋಟದ ಮಾತು ದೇಶದ ಕಾನೂನಿನಾಗ ಬರೀಬೇಕಾತು ನೋಡ್ರಿ. ಈಗ ಪೇಪರ್ ಕಪ್ ಬಂದು ಎಷ್ಟೋ ಊರಾಗ ಆ ಜಗಳ ಮುಚ್ಚಿಟ್ಟಾವ, ಹೋಗಲಾಡಿಸಿಲ್ಲ.

ಇಷ್ಟಾದ ಮ್ಯಾಲೂ ಮಗಳ ಮಾತು ಪೂರಾ ತಗದು ಹಾಕಾಕ ಬರಂಗಿಲ್ಲ. ಸಂಡೂರಿನ ಲಂಬಾಣಿ ಕಸೂತಿಗೆ ಎರಡು ರೂಪಾಯಿ ಜಾಸ್ತಿ ಕೊಡಾಕ ನಾನು ಹಿಂದ ಮುಂದ ನೋಡಂಗಿಲ್ಲ. ಹೊಲಿದಾಕಿ ಎದುರಿಗೇ ಇರತಾಳ, ಎಷ್ಟು ಸಿಗತೈತವ್ವಾ ಅಂತ ಕೇಳಬಹುದು. ಗಾಜಿನ ಸಂಗತಿ ಹಂಗಲ್ಲ. ನಮ್ಮ ದೇಶದಾಗ ಊದಿ ಮಾಡೋ ಗಾಜಿಗೆ ದೊಡ್ಡ ಊರು ಉತ್ತರ ಪ್ರದೇಶದ ಫಿರೋಜಾಬಾದ್. ಅಲ್ಲಿ ಕುಲುಮಿ ಮುಂದ ಸಣ್ಣ ಹುಡುಗರು ಕಾದ ಗಾಜು ಹೊತ್ತು ಓಡಾಡಿದ ಕಥಿ ದೇಶಕ್ಕೆಲ್ಲ ಗೊತ್ತಿದ್ದದ್ದು. 1986ರಾಗ ಬಾಲಕಾರ್ಮಿಕ ಕಾಯ್ದೆ ಬಂತು. ತಾಜಮಹಲಿನ ಸಲುವಾಗಿ 1996ರಾಗ ಸುಪ್ರೀಂ ಕೋರ್ಟು ಕಲ್ಲಿದ್ದಲು ಬಿಡ್ರಿ ಅಂತ ಆ ಭಾಗದ ಕಾರ್ಖಾನಿಗಳಿಗೆ ಹೇಳಿತು. ಅದಕ್ಕೇ ಕೈಲೆ ಮಾಡಿದ್ದು ಅಂತ ಚೀಟಿ ಹಚ್ಚಿದ್ರ, ಯಾರ ಕೈ, ಎಷ್ಟು ವಯಸ್ಸಿನ ಕೈ ಅಂತ ಕೇಳಾಕ ಬೇಕು. ನಾನು ಕೇಳಿದ ಅಂಗಡಿಯಾತ ನಕ್ಕು ಬಿಟ್ಟ.

ಮಗಳ ಜೊತಿ ಎರಡು ದಿನ ವಾದ ಆತು. ಕೈಲೆ ಮಾಡಿದ್ದು ಅಂತ ಒಂದು ನೀರಿನ ಗಡಿಗಿ ತಂದ್ವಿ, ಕಂಪ್ಲಿ ಕಡೆಯಿಂದ, ತಟ್ಟಿದಾತನ ಮನಿ ಮುಂದೇ ನಿಂತು. ಗ್ಲಾಸು ಮಾತ್ರ ಅಚ್ಚಿನವೇ, ಹನ್ನೆರಡು, ಎಲ್ಲಾ ಒಂದೇ ಥರ. ಅಳಿಯ ಬಂದಾಗ ಅದರಾಗ ಬೀರು, ಮನಿಗೆ ಗಾರೆ ಕೆಲಸಕ್ಕ ಬಂದೋರಿಗೆ ಅದರಾಗೇ ಮಜ್ಜಿಗಿ. ಒಂದು ಒಡದ್ರ ಅಂಥಾದ್ದೇ ಇನ್ನೊಂದು ಅದೇ ಅಂಗಡಿಯಾಗ ಸಿಗತೈತಿ.