ಬೆಳ್ಳಿಯ ನಾಣ್ಯದ ಹೊಳಪೂ ಕಪ್ಪೂ

ಮಂಡ್ಯ, ಮದ್ದೂರು, ಮಳವಳ್ಳಿ ಸೀಮೆಗಳ ಹಳೆಯ ಮನೆತನಗಳಲ್ಲಿ ದೇವರ ಪೆಟ್ಟಿಗೆಯೊಳಗೆ ಒಂದೆರಡು ಬೆಳ್ಳಿಯ ನಾಣ್ಯಗಳಿರುವುದು ಅಪೂರ್ವವಲ್ಲ. ವರಮಹಾಲಕ್ಷ್ಮಿಯ ವ್ರತಕ್ಕೋ ದೀಪಾವಳಿಯ ಲಕ್ಷ್ಮೀಪೂಜೆಗೋ ಅವು ಹೊರಕ್ಕೆ ಬರುತ್ತವೆ. ಹುಣಿಸೆಹಣ್ಣು ಬೂದಿಗಳಿಂದ ಉಜ್ಜಿಸಿಕೊಂಡು ಥಳಥಳನೆ ಹೊಳೆದು, ಅರಿಸಿನ ಕುಂಕುಮಗಳನ್ನು ಧರಿಸಿ, ಪೂಜೆಯಾದ ಬಳಿಕ ಮತ್ತೆ ಒಳಗೆ ಸೇರುತ್ತವೆ. ಈ ಉಜ್ಜುವಿಕೆಯು ಭಕ್ತಿಯಿಂದಲೇ ನಡೆಯತಕ್ಕದ್ದು, ಇದರಲ್ಲಿ ಸಂದೇಹವಿಲ್ಲ. ಆದರೆ ವರ್ಷವರ್ಷವೂ ಹೀಗೆ ಬೆಳಗಿಸಿಕೊಂಡ ನಾಣ್ಯವು ವರ್ಷವರ್ಷವೂ ತನ್ನ ಅಕ್ಷರಗಳನ್ನು ಸ್ವಲ್ಪಸ್ವಲ್ಪವಾಗಿ ಕಳೆದುಕೊಳ್ಳುತ್ತದೆಂಬುದನ್ನು ಬಲ್ಲವರು ಕೆಲವರೇ. ಕಪ್ಪನ್ನು ಕೊಳೆಯೆಂದೂ ಹೊಳಪನ್ನು ಶುದ್ಧಿಯೆಂದೂ ಭಾವಿಸುವುದೇ ಈ ಹಾನಿಗೆ ಮೂಲ. ಬೆಳ್ಳಿಯ ಹೊಳಪಿನಲ್ಲಿ ಹಲವು ಬಗೆಗಳುಂಟು. ಕಪ್ಪಿನಲ್ಲಿಯೂ ಹಲವು ಬಗೆಗಳುಂಟು. ಅವುಗಳನ್ನು ವಿವೇಚಿಸಿ ನೋಡಲು ಈ ಜಿಲ್ಲೆಯಷ್ಟು ತಕ್ಕ ಸ್ಥಳವು ಮತ್ತೊಂದಿಲ್ಲ. ಏಕೆಂದರೆ ಒಂದು ಪ್ರಸಿದ್ಧವಾದ ಟಂಕಸಾಲೆಯು ಇದ್ದುದು ಇಲ್ಲಿಯೇ.

೧೯೩೯ರಲ್ಲಿ ಮಂಡ್ಯವು ಪ್ರತ್ಯೇಕ ಜಿಲ್ಲೆಯಾದಾಗ ಶ್ರೀರಂಗಪಟ್ಟಣವೂ ಅದಕ್ಕೆ ಸೇರಿತು. ೧೭೮೨ರಿಂದ ೧೭೯೯ರವರೆಗೆ ಆಳಿದ ಟೀಪೂ ಸುಲ್ತಾನನ ಬೆಳ್ಳಿಯ ನಾಣ್ಯಗಳಲ್ಲಿ ಬಹುಭಾಗವು ಈ ಪಟ್ಟಣದ ಟಂಕಸಾಲೆಯಲ್ಲಿ ಹುಟ್ಟಿದುವು. ಎರಡು ರೂಪಾಯಿಯ ನಾಣ್ಯಕ್ಕೆ ಹೈದರಿ ಎಂದೂ, ರೂಪಾಯಿಗೆ ಇಮಾಮಿ ಎಂದೂ, ಅರ್ಧಕ್ಕೆ ಆಬಿದಿ ಎಂದೂ, ಕಾಲಿಗೆ ಬಾಕಿರಿ ಎಂದೂ, ಅರೆಕಾಲಿಗೆ ಜಾಫರಿ ಎಂದೂ, ವೀಸಕ್ಕೆ ಕಾಜಿಮಿ ಎಂದೂ, ಅದರ ಅರ್ಧಕ್ಕೆ ಖಿಜರಿ ಎಂದೂ ಅವನು ಹೆಸರಿಟ್ಟನು. ಇಮಾಮಿಯ ತೂಕವು ಒಂದು ತೊಲಕ್ಕಿಂತ ಕೊಂಚ ಕಡಮೆ. ೧೭೮೭ರ ಸುಮಾರಿನಲ್ಲಿ ಅವನು ಮೌಲೂದಿ ಎಂಬ ಹೊಸ ಶಕವನ್ನು ಬಳಕೆಗೆ ತಂದು, ಅದರ ಅಂಕಗಳನ್ನು ಬಲದಿಂದ ಎಡಕ್ಕೆ ಬರೆಯಿಸಿದನು. ಆದುದರಿಂದ ೧೨೧೬ನೆಯ ವರ್ಷವು ನಾಣ್ಯದ ಮೇಲೆ ೬೧೨೧ ಎಂಬಂತೆ ಕಾಣುವುದು. ಅವನ ತಾಮ್ರದ ಕಾಸುಗಳ ಮೇಲೆ ಆನೆಯ ಚಿತ್ರವಿದೆ. ಅದು ಎಷ್ಟು ಸವೆದರೂ ಆನೆಯನ್ನು ಕಂಡು ಕಾಸನ್ನು ಗುರುತಿಸಬಹುದು. ಬೆಳ್ಳಿಯ ಮೇಲಾದರೋ ಚಿತ್ರವಿಲ್ಲ. ಪಾರಸಿಯ ಅಕ್ಷರಗಳೂ ಅಂಕಗಳೂ ಮಾತ್ರ. ಅಕ್ಷರವು ಅಳಿದರೆ ಆ ನಾಣ್ಯವು ಬರಿಯ ಬೆಳ್ಳಿಯ ಬಿಲ್ಲೆ. ೧೯೧೪ರಲ್ಲಿ ಟೇಲರನೂ ೧೯೨೧ರಲ್ಲಿ ಹೆಂಡರ್ಸನನೂ ಈ ನಾಣ್ಯಗಳ ಪಟ್ಟಿಗಳನ್ನು ಪ್ರಕಟಿಸಲು ಸಾಧ್ಯವಾದುದು ಅಕ್ಷರಗಳು ಉಳಿದಿದ್ದ ಪ್ರತಿಗಳು ದೊರೆತುದರಿಂದಲೇ.

ಈ ನಾಣ್ಯಗಳನ್ನು ಕೈಯಿಂದ ಹೊಡೆಯುತ್ತಿದ್ದರು. ಕೆಳಗಿನ ಅಚ್ಚಿನ ಮೇಲೆ ಬಿಲ್ಲೆಯನ್ನಿರಿಸಿ, ಮೇಲಿನ ಅಚ್ಚನ್ನು ಅದರ ಮೇಲೆ ಹಿಡಿದು ಸುತ್ತಿಗೆಯಿಂದ ಬಡಿದಾಗ, ಬೆಳ್ಳಿಯು ನಡುವಿನಿಂದ ಅಂಚಿನ ಕಡೆಗೆ ಹರಿದು ಅಚ್ಚಿನ ಕುಳಿಗಳನ್ನು ತುಂಬುವುದು. ಹಾಗೆ ಹರಿದ ಲೋಹವು ಕಣ್ಣಿಗೆ ಕಾಣದಷ್ಟು ಸೂಕ್ಷ್ಮವಾದ ಗೆರೆಗಳನ್ನು ಉಳಿಸುತ್ತದೆ. ಹೊಸ ನಾಣ್ಯವನ್ನು ದೀಪದ ಕೆಳಗೆ ಮೆಲ್ಲನೆ ಓರೆಮಾಡಿ ತಿರುಗಿಸಿದರೆ, ಬಂಡಿಯ ಗಾಲಿಯ ಅರೆಕಾಲುಗಳಂತೆ ಬೆಳಕಿನ ಪಟ್ಟೆಗಳು ಅದರ ಮೇಲೆ ಸುತ್ತುವುದು ಈ ಗೆರೆಗಳಿಂದಲೇ. ಇದೇ ಟಂಕಸಾಲೆಯ ಸಹಜ ಕಾಂತಿ. ಇದು ಕನ್ನಡಿಯ ಹೊಳಪಲ್ಲ. ರೇಷ್ಮೆಯ ಮೆರುಗಿಗೆ ಹೆಚ್ಚು ಸಮೀಪವಾದುದು. ಒಮ್ಮೆ ಬೂದಿಯಿಂದ ಉಜ್ಜಿದರೆ ಆ ಗೆರೆಗಳು ನಾಶವಾಗುವುವು. ಮತ್ತೆ ಅವನ್ನು ತರುವುದು ಯಾರಿಂದಲೂ ಸಾಧ್ಯವಲ್ಲ.

ಕನ್ನಡಿಯಂತಹ ಹೊಳಪಿನ ಕಥೆ ಬೇರೆ. ಅದೂ ಈ ಪಟ್ಟಣಕ್ಕೆ ಸಂಬಂಧಪಟ್ಟದ್ದೇ. ೧೭೯೯ನೆಯ ಮಾರ್ಚಿ ೨೭ರಂದು ಮಳವಳ್ಳಿಯ ಬಳಿ ಜನರಲ್ ಹ್ಯಾರಿಸನ ದಂಡಿಗೂ ಟೀಪುವಿನ ದಂಡಿಗೂ ಕಾಳಗವಾಯಿತು. ಮೇ ೪ರಂದು ಶ್ರೀರಂಗಪಟ್ಟಣದ ಕೋಟೆಯು ಬಿದ್ದು ಸುಲ್ತಾನನು ಮಡಿದನು. ಈ ಜಯದ ನೆನಪಿಗಾಗಿ ಈಸ್ಟ್ ಇಂಡಿಯಾ ಕಂಪನಿಯು ಒಂದು ಪದಕವನ್ನು ಮಾಡಿಸಿತು. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನ ಹತ್ತಿರ ಮ್ಯಾಥ್ಯೂ ಬೌಲ್ಟನನು ಸ್ಥಾಪಿಸಿದ್ದ ಸೋಹೋ ಟಂಕಸಾಲೆಯಲ್ಲಿ, ಕ್ಯೂಕ್ಲರ್ ಎಂಬ ಜರ್ಮನ್ ಶಿಲ್ಪಿಯು ಕೆತ್ತಿದ ಅಚ್ಚುಗಳಿಂದ, ಯಂತ್ರದಲ್ಲಿ ಅದನ್ನು ಒತ್ತಿದರು. ಒಂದು ಕಡೆ ಸಿಂಹವು ಹುಲಿಯನ್ನು ಕೆಡವಿರುವ ಚಿತ್ರ. ಇನ್ನೊಂದು ಕಡೆ ಕೋಟೆಯನ್ನು ಮುತ್ತಿ ಹತ್ತುವ ನೋಟ. ಚಿನ್ನದ ಪದಕವು ಸೇನಾಪತಿಗಳಿಗೆ, ಬೆಳ್ಳಿಯದು ಕೆಳಗಿನ ಅಧಿಕಾರಿಗಳಿಗೆ, ತವರದ್ದು ಸಾಮಾನ್ಯ ಸಿಪಾಯಿಗಳಿಗೆ. ಇಂತಹ ಪದಕಗಳಿಗೆ ಅಚ್ಚಿನ ಬಯಲನ್ನು ಒತ್ತುವುದಕ್ಕೆ ಮೊದಲೇ ಕನ್ನಡಿಯಂತೆ ನುಣುಪುಗೊಳಿಸುತ್ತಿದ್ದರು. ಬಿಲ್ಲೆಗೂ ಒಪ್ಪ ಹಾಕುತ್ತಿದ್ದರು. ಆದುದರಿಂದ ಬೆಳ್ಳಿಯ ಬಯಲು ದರ್ಪಣದಂತಾಗಿ, ಉಬ್ಬಿದ ಚಿತ್ರವು ಅದರ ಮೇಲೆ ಸ್ಪಷ್ಟವಾಗಿ ಎದ್ದು ನಿಲ್ಲುವುದು. ಹೀಗೆ ಒಂದೇ ಊರನ್ನು ಕುರಿತು ಎರಡು ಬೆಳ್ಳಿಯ ಬಿಲ್ಲೆಗಳು ಹುಟ್ಟಿದುವು: ಒಂದು ಆ ಊರಿನಲ್ಲಿಯೇ ಸುತ್ತಿಗೆಯ ಪೆಟ್ಟಿಗೆ ಹುಟ್ಟಿದ ರೂಪಾಯಿ, ಮತ್ತೊಂದು ಆ ಊರು ಬಿದ್ದುದಕ್ಕಾಗಿ ಕಡಲಾಚೆಯಲ್ಲಿ ಹುಟ್ಟಿದ ಪದಕ. ಮೊದಲನೆಯದನ್ನು ಉಜ್ಜಿ ಎರಡನೆಯದರಂತೆ ಮಾಡಬೇಕೆಂದು ಬಯಸುವುದು ಅದರ ಜನ್ಮವೃತ್ತಾಂತವನ್ನೇ ಅಳಿಸಿದಂತೆ.

ದರ್ಪಣದ ಹೊಳಪು ಟಂಕಸಾಲೆಯಲ್ಲಿ ಬಂದುದೋ ಮನೆಯಲ್ಲಿ ಉಜ್ಜಿದ್ದರಿಂದ ಬಂದುದೋ ಎಂಬುದನ್ನು ಕಂಡುಕೊಳ್ಳಲು ಪರೀಕ್ಷಕರಲ್ಲಿ ಎರಡು ಕ್ರಮಗಳುಂಟು. ಅಚ್ಚು ಹಾಕಿದ ಪುಸ್ತಕದ ಹಾಳೆಯ ಮೇಲೆ ನಾಣ್ಯವನ್ನು ಅಂಚಿನ ಮೇಲೆ ನೆಟ್ಟಗೆ ನಿಲ್ಲಿಸಿ, ಅದರ ಬಯಲಿನಲ್ಲಿ ಹಾಳೆಯ ಅಕ್ಷರಗಳು ಎಷ್ಟು ದೂರದವರೆಗೆ ಓದುವಂತೆ ಪ್ರತಿಫಲಿಸುತ್ತವೆಂದು ಅಳೆಯುವುದು ಮೊದಲನೆಯದು. ಅಮೆರಿಕದವರು ೧೮೭೮ರಿಂದ ಟಂಕಿಸಿದ ತಮ್ಮ ಬೆಳ್ಳಿಯ ಡಾಲರುಗಳನ್ನು ಈ ರೀತಿ ಅಂಗುಲಗಳ ಲೆಕ್ಕದಿಂದ ವಿಂಗಡಿಸುವರು. ಎರಡು ನಾಲ್ಕು ಅಂಗುಲ ಪ್ರತಿಫಲಿಸಿದರೆ ಒಂದು ದರ್ಜೆ, ಆರು ಅಂಗುಲಕ್ಕೆ ಮೀರಿದರೆ ಇನ್ನೂ ಮೇಲಿನದು. ಎರಡನೆಯ ಕ್ರಮವು ಭೂತಕನ್ನಡಿಯಿಂದ ಗೆರೆಗಳನ್ನು ನೋಡುವುದು. ಅಚ್ಚಿಗೆ ಒಪ್ಪ ಹಾಕುವಾಗ ಅಚ್ಚಿನಲ್ಲಿ ಬಿದ್ದ ಗೀರು ನಾಣ್ಯದಲ್ಲಿ ಉಬ್ಬಿದ ಗೆರೆಯಾಗುವುದು. ಅಕ್ಷರಗಳು ಅಚ್ಚಿನಲ್ಲಿ ತಗ್ಗಾಗಿರುವುದರಿಂದ ಅವನ್ನು ಅದು ಮುಟ್ಟದೆ ಅವುಗಳ ಅಂಚಿನಲ್ಲಿ ನಿಂತುಬಿಡುವುದು. ಮನೆಯಲ್ಲಿ ಉಜ್ಜಿದ ಗೀರಾದರೋ ಬೆಳ್ಳಿಯೊಳಕ್ಕೆ ಕೊರೆದಿರುವುದು. ಬಯಲು ಅಕ್ಷರಗಳೆಂಬ ಭೇದವಿಲ್ಲದೆ ಎರಡರ ಮೇಲೂ ಹಾದುಹೋಗುವುದು. ಚಿನಿವಾರರು ಬೆಳ್ಳಿಯನ್ನು ಪರೀಕ್ಷಿಸಿ ಒತ್ತಿದ ಸಣ್ಣ ಮುದ್ರೆಗಳನ್ನು ಮಾತ್ರ ಈ ಗೀರುಗಳೊಡನೆ ಎಣಿಸಬಾರದು. ಅವು ಆ ರೂಪಾಯಿಯು ಕೈಯಿಂದ ಕೈಗೆ ಸಂಚರಿಸಿದುದಕ್ಕೆ ಸಾಕ್ಷಿಗಳು.

ಇನ್ನು ಕಪ್ಪಿನ ವಿಚಾರ. ಗಾಳಿಯಲ್ಲಿ ಅತ್ಯಲ್ಪ ಪ್ರಮಾಣದಲ್ಲಿರುವ ಗಂಧಕದ ಆವಿಯು ಬೆಳ್ಳಿಯೊಡನೆ ಕೂಡಿದಾಗ, ಎರಡು ಪರಮಾಣು ಬೆಳ್ಳಿಗೆ ಒಂದು ಪರಮಾಣು ಗಂಧಕ ಸೇರಿ ಹೊಸದೊಂದು ಪದಾರ್ಥವಾಗುವುದು. ಅದೇ ನಾಣ್ಯದ ಮೇಲಿನ ಪೊರೆ. ಆದುದರಿಂದ ಕಪ್ಪು ಬೆಳ್ಳಿಯ ಮೇಲೆ ಬಂದು ಕುಳಿತ ಕೊಳೆಯಲ್ಲ. ಬೆಳ್ಳಿಯೇ ಮಾರ್ಪಟ್ಟು ತಾಳಿದ ರೂಪ. ಅದನ್ನು ತೆಗೆಯುವುದೆಂದರೆ ಬೆಳ್ಳಿಯನ್ನೇ ತೆಗೆಯುವುದು. ತೆಗೆದಷ್ಟೂ ಹೊಸ ಬೆಳ್ಳಿಯು ಗಾಳಿಗೆ ಒಡ್ಡಿಕೊಂಡು ಮತ್ತೆ ಕಪ್ಪಾಗುವುದು. ಮತ್ತೆ ಉಜ್ಜಿದರೆ ಮತ್ತಷ್ಟು ಅಕ್ಷರಗಳು ಹೋಗುವುವು.

ಈ ಪೊರೆಯು ಮೊದಲಿಗೆ ಕಪ್ಪಾಗಿರುವುದಿಲ್ಲ. ಬಹಳ ತೆಳುವಾಗಿರುವಾಗ ಅದರ ಮೇಲ್ಮೈಯಿಂದ ಹಿಂದಿರುಗಿದ ಬೆಳಕೂ ಕೆಳಗಿನ ಬೆಳ್ಳಿಯಿಂದ ಹಿಂದಿರುಗಿದ ಬೆಳಕೂ ಕೂಡಿ, ನೀರಿನ ಮೇಲಿನ ಎಣ್ಣೆಯಲ್ಲಿ ಕಾಣುವಂತೆ ಬಣ್ಣಗಳನ್ನು ತೋರುವುವು. ಪೊರೆಯು ದಪ್ಪವಾಗುತ್ತ ಬಂದಂತೆ ಮೊದಲು ಹೊಂಬಣ್ಣ, ಅನಂತರ ಕೆಂಪು ಮಿಶ್ರವಾದ ನೇರಿಳೆ, ಆಮೇಲೆ ನೀಲಿ, ಅದಾದ ಮೇಲೆ ಹಸುರಿನ ಛಾಯೆ, ಕಟ್ಟಕಡೆಗೆ ಕಪ್ಪು. ಈ ಅನುಕ್ರಮವನ್ನು ನೆನಪಿನಲ್ಲಿಟ್ಟರೆ ಸಹಜವಾದ ಬಣ್ಣವನ್ನೂ ಕೃತಕವಾದ ಬಣ್ಣವನ್ನೂ ಬೇರ್ಪಡಿಸುವುದು ಸುಲಭ. ಕಾಲವು ಕೊಟ್ಟ ಬಣ್ಣವು ಬಹುಮಟ್ಟಿಗೆ ಅಂಚಿನಲ್ಲಿ ಹೆಚ್ಚಾಗಿ, ನಡುವಿನ ಕಡೆಗೆ ಮೆಲ್ಲಮೆಲ್ಲನೆ ತೆಳುವಾಗುವುದು. ಒಂದು ಬಣ್ಣವು ಮುಂದಿನದರಲ್ಲಿ ಕರಗುವುದು. ಅದರ ಅಡಿಯಲ್ಲಿ ಮೊದಲಿನ ಕಾಂತಿಯು ಇನ್ನೂ ಮಿನುಗುವುದು. ಗಂಧಕದ ದ್ರಾವಣದಲ್ಲಿ ಅದ್ದಿಯೋ ಬೇಯಿಸಿದ ಮೊಟ್ಟೆಯೊಡನೆ ಮುಚ್ಚಿಟ್ಟೋ ಬೆಲೆಯೇರಿಸುವುದಕ್ಕಾಗಿ ತಂದ ಬಣ್ಣವು ಕ್ರಮತಪ್ಪಿ ಒಮ್ಮೆಗೇ ಗಾಢವಾಗಿ ನಿಲ್ಲುವುದು; ಉಜ್ಜಿದ ಗೀರುಗಳ ಒಳಗೂ ತುಂಬಿಕೊಂಡು, ಕಾಂತಿಯಿಲ್ಲದ ಬೆಳ್ಳಿಯ ಮೇಲೆ ಹಚ್ಚಿದ ಬಣ್ಣದಂತೆ ತೋರುವುದು. ನೆಲದಲ್ಲಿ ಹೂತಿದ್ದ ನಾಣ್ಯದ ಬೂದುಬಣ್ಣದ ಗಟ್ಟಿ ಪೊರೆಯು ಮಣ್ಣಿನ ಲವಣದಿಂದಾದುದು. ಅದನ್ನು ಕೆರೆಯುವುದು ಇನ್ನೂ ಅನರ್ಥಕರ. ಅಂತಹ ನಿಧಿಯು ಹೊಲದಲ್ಲಿ ದೊರೆತರೆ ಸರ್ಕಾರಕ್ಕೆ ತಿಳಿಸತಕ್ಕದ್ದೆಂದು ಕಾಯಿದೆಯೂ ಉಂಟು.

ಟೀಪುವಿನ ತರುವಾಯ ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಮೈಸೂರಿನಲ್ಲಿ ರೂಪಾಯಿಗಳನ್ನು ಟಂಕಿಸಿದರು. ಆ ಟಂಕಸಾಲೆಯು ೧೮೩೩ರಲ್ಲಿ ಬೆಂಗಳೂರಿಗೆ ಹೋಗಿ, ೧೮೪೩ರಲ್ಲಿ ಮುಚ್ಚಿತು. ಮನೆಗಳಲ್ಲಿ ಹೆಚ್ಚಾಗಿ ಉಳಿದಿರುವುದು ೧೮೩೫ರ ಕಾಯಿದೆಯಿಂದ ಮೊದಲಾದ, ಒಂದು ತೊಲ ತೂಕದ, ಹನ್ನೆರಡರಲ್ಲಿ ಹನ್ನೊಂದು ಪಾಲು ಬೆಳ್ಳಿಯ ರೂಪಾಯಿಗಳು. ೧೯೪೦ರಲ್ಲಿ ಬೆಳ್ಳಿಯನ್ನು ಅರ್ಧಕ್ಕೆ ಇಳಿಸಿದರು. ಉಳಿದುದರಲ್ಲಿ ತಾಮ್ರವೇ ಹೆಚ್ಚು. ಆ ರೂಪಾಯಿಗಳು ಮಾಸುವ ಬಗೆಯೂ ಬೇರೆ. ಆದುದರಿಂದ ಇಸವಿಯನ್ನು ನೋಡಿಯೇ ಬಣ್ಣವನ್ನು ವಿಮರ್ಶಿಸಬೇಕು.

ಹಳೆಯ ನಾಣ್ಯವುಳ್ಳ ಗೃಹಸ್ಥರು ಅದನ್ನು ಅಂಚಿನಲ್ಲಿ ಹಿಡಿದು, ಬೆರಳಿನ ಬೆವರು ಮುಖಕ್ಕೆ ತಾಗದಂತೆ ನೋಡುವುದೂ, ಉಣ್ಣೆ ರಬ್ಬರುಗಳ ಸಂಪರ್ಕವಿಲ್ಲದೆ ತೇವವಿಲ್ಲದ ಕಡೆಯಲ್ಲಿ ಇಡುವುದೂ ಸಾಕು. ಪೂಜೆಗೆ ಬೇರೊಂದು ಬೆಳ್ಳಿಯ ಬಿಲ್ಲೆಯನ್ನು ಇಟ್ಟುಕೊಂಡು ಅದನ್ನು ಇಷ್ಟಬಂದಂತೆ ಬೆಳಗಬಹುದು. ಲಕ್ಷ್ಮಿಗೆ ಅದರಿಂದ ಕೊರತೆಯಿಲ್ಲ. ಅಂಟುವಾಳದ ನೊರೆಯಿಂದ ಒಡವೆಯನ್ನು ತೊಳೆಯುವುದು ಅಕ್ಕಸಾಲಿಗನ ಧರ್ಮ. ಒಡವೆಯು ಹೊಳೆಯುವುದಕ್ಕಾಗಿಯೇ ಹುಟ್ಟಿದುದು. ನಾಣ್ಯವು ಹುಟ್ಟಿದುದು ಒಬ್ಬ ಅರಸನ ಮಾತನ್ನೂ ಒಂದು ಊರಿನ ಹೆಸರನ್ನೂ ಒಂದು ವರ್ಷವನ್ನೂ ಹೊತ್ತು ನಡೆಯುವುದಕ್ಕಾಗಿ. ಶ್ರೀರಂಗಪಟ್ಟಣದ ಟಂಕಸಾಲೆಯ ಸುತ್ತಿಗೆಗಳ ಸದ್ದು ಅಡಗಿ ಎರಡು ಶತಮಾನಗಳಿಗೂ ಮಿಕ್ಕಿತು. ಅಲ್ಲಿಯ ಕೈಕೆಲಸದ ಸಾಕ್ಷ್ಯವು ಇನ್ನೂ ಕೆಲವು ಮನೆಗಳ ಪೆಟ್ಟಿಗೆಗಳಲ್ಲಿ ಆ ಕಪ್ಪಿನ ಪೊರೆಯ ಮರೆಯಲ್ಲಿ ಉಳಿದಿದೆ. ಆ ಮರೆಯನ್ನು ಹರಿಯದೆ ಬಿಟ್ಟರೆ ಮುಂದೆ ಓದಬಲ್ಲವರು ಓದಿಕೊಳ್ಳುವರು.