ಬಿಸಿಲು ಯಾರದು, ಬರ ಯಾರದು?

ಪ್ರತಿ ಬೇಸಿಗೆಯಲ್ಲೂ ನಮ್ಮ ಬಾಯಲ್ಲಿ ಒಂದೇ ಮಾತು: ‘ಇಂಥ ಬಿಸಿಲು ಹಿಂದೆಂದೂ ಕಂಡಿರಲಿಲ್ಲ.’ 2016ರ ಏಪ್ರಿಲ್ 24ರಂದು ಬೆಂಗಳೂರಿನಲ್ಲಿ 39.2 ಡಿಗ್ರಿ ಸೆಲ್ಸಿಯಸ್ ದಾಖಲಾದಾಗಲೂ ಹೀಗೇ ಅಂದೆವು. 2024ರ ಏಪ್ರಿಲ್ 28ರಂದು 38.5 ಡಿಗ್ರಿ ಮುಟ್ಟಿದಾಗಲೂ ಅದನ್ನೇ ಅಂದೆವು. ಆದರೆ ತುಮಕೂರು, ಗುಬ್ಬಿ, ಕುಣಿಗಲ್ ಸೀಮೆಯ ಹಿರಿಯರನ್ನು ಕೇಳಿ ನೋಡಿ. ಅವರು ಡಿಗ್ರಿಯ ಲೆಕ್ಕ ಹೇಳುವುದಿಲ್ಲ. ಯಾವ ವರ್ಷ ಕೆರೆ ಒಣಗಿತು, ರಾಗಿ ಎಷ್ಟಕ್ಕೆ ಏರಿತು, ದನಗಳನ್ನು ಎಲ್ಲಿಗೆ ಹೊಡೆದುಕೊಂಡು ಹೋದರು ಎಂಬುದೇ ಅವರ ಬೇಸಿಗೆಯ ಚರಿತ್ರೆ.

ಪಶ್ಚಿಮ ಘಟ್ಟದ ಆಗುಂಬೆಯಲ್ಲಿ ವರ್ಷಕ್ಕೆ ಏಳು ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುತ್ತದೆ. ಅದೇ ಮೋಡಗಳು ಘಟ್ಟ ದಾಟಿ ನಮ್ಮ ಸೀಮೆಗೆ ಬರುವಷ್ಟರಲ್ಲಿ ಬರಿದಾಗಿರುತ್ತವೆ. ಇದನ್ನರಿತೇ ಹಿಂದಿನವರು ಕೆರೆ ಕಟ್ಟಿದರು. ದೇವರಾಯನದುರ್ಗದ ಬೆಟ್ಟಗಳಲ್ಲಿ ಹುಟ್ಟುವ ಶಿಂಷಾ ನದಿ ಗುಬ್ಬಿ ತಾಲ್ಲೂಕಿನ ಕಡಬದ ಕೆರೆಯನ್ನು ತುಂಬಿಸಿ ಕುಣಿಗಲ್ ತಾಲ್ಲೂಕಿಗೆ ಇಳಿಯುತ್ತದೆ. ಮಾರ್ಕೋನಹಳ್ಳಿ ಜಲಾಶಯ ಕಟ್ಟಿರುವುದೂ ಇದೇ ನದಿಗೆ. ಕುಣಿಗಲ್ಲಿನ ದೊಡ್ಡಕೆರೆಯಂತೂ ಹೊಟ್ಟೆಗೆ ಅನ್ನವನ್ನಷ್ಟೇ ಅಲ್ಲ, ಜನಪದರ ಬಾಯಿಗೆ ಹಾಡನ್ನೂ ಕೊಟ್ಟಿತು.

ಆದರೂ 1876ರಲ್ಲಿ ಈ ಕೆರೆಗಳ ನಾಡು ಸೋತಿತು. ಮುಂಗಾರು, ಹಿಂಗಾರು ಎರಡೂ ಕೈಕೊಟ್ಟವು. ಧಾತು ಸಂವತ್ಸರದಲ್ಲಿ ಹಿಡಿದ ಬರ ಈಶ್ವರ ಸಂವತ್ಸರಕ್ಕೂ ಮುಂದುವರಿಯಿತು. ಜನ ಅದನ್ನು ಇಂದಿಗೂ ಧಾತು-ಈಶ್ವರ ಬರವೆಂದೇ ಕರೆಯುತ್ತಾರೆ. 1871ರ ಜನಗಣತಿಯಲ್ಲಿ ಮೈಸೂರು ಸಂಸ್ಥಾನದ ಜನಸಂಖ್ಯೆ ಸುಮಾರು 50.5 ಲಕ್ಷ, 1881ರಲ್ಲಿ ಅದು 41.8 ಲಕ್ಷಕ್ಕೆ ಕುಸಿದಿತ್ತು.

ಇಷ್ಟೊಂದು ಜೀವಗಳನ್ನು ಬಿಸಿಲೊಂದೇ ನುಂಗಿತೆ? ಆಗ ಮೈಸೂರನ್ನು ಆಳುತ್ತಿದ್ದುದು ಬ್ರಿಟಿಷ್ ಕಮಿಷನರು. 1864ರಲ್ಲೇ ಮದರಾಸಿನಿಂದ ಬೆಂಗಳೂರಿಗೆ ರೈಲು ಬಂದಿತ್ತು. ಆದರೆ ತುಮಕೂರಿಗೆ ರೈಲು ಬಂದದ್ದು 1884ರಲ್ಲಿ. ಬೆಂಗಳೂರಿನವರೆಗೆ ಬಂದ ಧಾನ್ಯವನ್ನು ಮುಂದಕ್ಕೆ ಎಳೆಯಬೇಕಾದ ಎತ್ತುಗಳು ಮೇವಿಲ್ಲದೆ ಸತ್ತಿದ್ದವು. ಸರ್ಕಾರ ಧಾನ್ಯದ ವ್ಯಾಪಾರಕ್ಕೆ ಕೈ ಹಾಕಬಾರದೆಂಬುದು ವೈಸ್‌ರಾಯ್ ಲಿಟ್ಟನ್ನನ ನೀತಿ. ಇಲ್ಲಿ ಜನ ಸಾಯುತ್ತಿರುವಾಗಲೇ, 1877ರ ಜನವರಿ 1ರಂದು, ದೆಹಲಿಯಲ್ಲಿ ವಿಕ್ಟೋರಿಯಾ ರಾಣಿಯನ್ನು ಭಾರತದ ಚಕ್ರವರ್ತಿನಿಯೆಂದು ಸಾರುವ ದರ್ಬಾರು ನಡೆಯಿತು. ಹಿಂದೂಸ್ತಾನದ ಗೋಧಿ ಇಂಗ್ಲೆಂಡಿಗೆ ಹೋಗುವುದೂ ನಿಲ್ಲಲಿಲ್ಲ.

ಇದರ ಪಕ್ಕದಲ್ಲಿ ಇನ್ನೊಂದು ಬರವನ್ನಿಟ್ಟು ನೋಡೋಣ. ಹಿಜರಿ 18, ಅಂದರೆ ಕ್ರಿ.ಶ. 639ರ ಸುಮಾರಿಗೆ, ಅರೇಬಿಯಾದ ಹಿಜಾಝ್ ಪ್ರಾಂತ್ಯದಲ್ಲಿ ಮಳೆ ಬರಲಿಲ್ಲ. ಗಾಳಿ ಬೀಸಿದರೆ ಬೂದಿಯಂಥ ಮಣ್ಣು ಏಳುತ್ತಿತ್ತು. ಚರಿತ್ರೆಕಾರರು ಅದನ್ನು ‘ಆಮುರ್ರಮಾದಾ’, ಬೂದಿಯ ವರ್ಷ, ಎಂದರು. ಜನರಿಗೆ ಸಿಗುವವರೆಗೆ ತಾನು ತುಪ್ಪ, ಮಾಂಸ ಮುಟ್ಟುವುದಿಲ್ಲವೆಂದು ಖಲೀಫ ಉಮರ್ ಪಣ ತೊಟ್ಟರು. ಹಸಿದು ಕದ್ದವನಿಗೆ ಕಳ್ಳತನದ ಶಿಕ್ಷೆ ಕೊಡಲಿಲ್ಲ. ಆ ವರ್ಷ ಝಕಾತ್ ವಸೂಲಿಯನ್ನು ಮುಂದೂಡಿದರು. ಬೇರೆ ಪ್ರಾಂತ್ಯಗಳ ರಾಜ್ಯಪಾಲರಿಗೆ ಪತ್ರ ಬರೆದು ಧಾನ್ಯ ತರಿಸಿದರು. ನೈಲ್ ನದಿಯಿಂದ ಕೆಂಪು ಸಮುದ್ರಕ್ಕೆ ಹೂತುಹೋಗಿದ್ದ ಹಳೆಯ ಕಾಲುವೆಯನ್ನು ಮುಂದೆ ಮತ್ತೆ ತೋಡಿಸಲಾಯಿತು. ಧಾನ್ಯದ ಹಡಗುಗಳು ಮದೀನಾಕ್ಕೆ ಹತ್ತಿರದ ಕರಾವಳಿಗೆ ಬಂದವು. ಅವರು ಮಳೆಗಾಗಿ ಪ್ರಾರ್ಥನೆಯನ್ನೂ ಮಾಡಿದರು. ಆದರೆ ಪ್ರಾರ್ಥನೆ ಮಾಡಿದೆವಲ್ಲ ಎಂದು ಕಾಲುವೆ ತೋಡುವುದನ್ನು ಬಿಡಲಿಲ್ಲ.

ನಮ್ಮ ಹಳ್ಳಿಗಳಲ್ಲೂ ಮಳೆ ಹೋದಾಗ ಈದ್ಗಾದಲ್ಲಿ ಇಸ್ತಿಸ್ಕಾ ನಮಾಜು ನಡೆಯುತ್ತದೆ, ಪಕ್ಕದಲ್ಲೇ ಮಳೆರಾಯನ ಪೂಜೆಯೂ ನಡೆಯುತ್ತದೆ. ಇಬ್ಬರೂ ನೋಡುವುದು ಒಂದೇ ಆಕಾಶ. ಆದರೆ ಕೆರೆಯ ಹೂಳೆತ್ತಲು, ರಾಜಕಾಲುವೆಯ ಒತ್ತುವರಿ ಬಿಡಿಸಲು ಎಷ್ಟು ಜನ ಸೇರುತ್ತೇವೆ? 2022ರಲ್ಲಿ ಅತಿವೃಷ್ಟಿ, ಮರುವರ್ಷವೇ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ. ಮೊದಲನೆಯ ವರ್ಷದ ನೀರನ್ನು ಎರಡನೆಯ ವರ್ಷಕ್ಕೆ ಉಳಿಸುವುದಕ್ಕೆಂದೇ ಅಲ್ಲವೆ ಕೆರೆಗಳಿದ್ದದ್ದು? ಸಮೃದ್ಧಿಯ ಏಳು ವರ್ಷಗಳ ಧಾನ್ಯವನ್ನು ತೆನೆಯಲ್ಲೇ ಉಳಿಸಿ, ಬರದ ಏಳು ವರ್ಷಗಳನ್ನು ದಾಟಿರೆಂದು ಪ್ರವಾದಿ ಯೂಸುಫರು ಹೇಳಿದ್ದೂ ಇದನ್ನೇ.

ಇಂದು ತುಮಕೂರು ನಗರ ಕುಡಿಯುವುದು ಗೊರೂರು ಅಣೆಕಟ್ಟೆಯಿಂದ ಬುಗುಡನಹಳ್ಳಿ ಕೆರೆಗೆ ಹರಿದು ಬರುವ ಹೇಮಾವತಿಯ ನೀರನ್ನು. ಈ ನೀರನ್ನು ಕುಣಿಗಲ್ ಕಡೆಗೆ ನೇರವಾಗಿ ಒಯ್ಯುವ ಎಕ್ಸ್‌ಪ್ರೆಸ್ ಲಿಂಕ್ ಕಾಲುವೆಯ ವಿರುದ್ಧ 2024 ಮತ್ತು 2025ರಲ್ಲಿ ಗುಬ್ಬಿ, ತುಮಕೂರು ಕಡೆಯ ರೈತರು ಬೀದಿಗಿಳಿದರು. ನಮ್ಮ ಪಾಲು ಕಾಲುವೆಯ ಕೊನೆಯವರೆಗೆ ಬರುವುದೇ ಇಲ್ಲವೆಂಬುದು ಕುಣಿಗಲ್ಲಿನವರ ಅಳಲು. ಎರಡೂ ಕಡೆಯವರದು ಒಣಗಿದ ಗಂಟಲಿನ ಮಾತೇ. ಒಂದೇ ಶಿಂಷೆಯ ನೀರುಂಡು ಬೆಳೆದ ಊರುಗಳು ಹೀಗೆ ಎದುರುಬದುರಾಗಿ ನಿಂತಿರುವುದು ಬರಗಾಲದಲ್ಲಿ ಅಧಿಕಮಾಸವಲ್ಲದೆ ಮತ್ತೇನು? ಪಾಲಿನ ಲೆಕ್ಕ ಎಲ್ಲರ ಕಣ್ಣೆದುರಿಗೆ ಆಗಲಿ. ಅವರವರ ಕೆರೆಯ ಹೂಳನ್ನು ಅವರವರು ಮೊದಲು ತೆಗೆಯಲಿ.

ಬಿಸಿಲು ಮೇಲಿನಿಂದ ಬರುತ್ತದೆ, ಅದನ್ನು ತಡೆಯಲು ನಮ್ಮಿಂದಾಗದು. ಬರದ ಹೊಣೆಯನ್ನು ಮಾತ್ರ ಅಲ್ಲಾಹನ ಮೇಲಾಗಲಿ, ಮಳೆರಾಯನ ಮೇಲಾಗಲಿ ಹೊರಿಸಿ ನಾವು ಕೈತೊಳೆದುಕೊಳ್ಳುವಂತಿಲ್ಲ.